ಇ-ಸಿಗರೇಟು: ಪಾಡ್ ಸಾಕಾ, ಟ್ಯಾಂಕ್ ಬೇಕಾ? ಕಾಯಿಲ್ ಎಷ್ಟು ಓಮ್‌ದು? ಇಂಗ್ಲೆಂಡಿಗೆ ಹೊರಟವನ ಪ್ರಶ್ನೆ

ವಾಕಡ್_ವಾಸಿ (ಪುಣೆ)
ಎಲ್ರಿಗೂ ನಮಸ್ಕಾರ. ಕಂಪನಿಯವರು ಮುಂದಿನ ತಿಂಗಳು ಲೀಡ್ಸ್‌ಗೆ ಕಳಿಸ್ತಿದ್ದಾರೆ, ಎರಡು ವರ್ಷದ ಪ್ರಾಜೆಕ್ಟು. ಕಾಲೇಜಲ್ಲಿ ಹತ್ತಿದ ಸಿಗರೇಟು ಈಗ ದಿನಕ್ಕೊಂದು ಪ್ಯಾಕಿಗೆ ಬಂದು ನಿಂತಿದೆ. ಅಲ್ಲಿನ ಸಿಗರೇಟಿನ ಬೆಲೆ ಕೇಳಿದ ಮೇಲೆ ಮನೆಯವಳು ಹೇಳಿದ್ದು ಒಂದೇ ಮಾತು: "ಅಲ್ಲಿಗೆ ಹೋದ್ಮೇಲಾದ್ರೂ ಬಿಡು, ಇಲ್ಲಾಂದ್ರೆ ಅಲೌನ್ಸ್ ಎಲ್ಲ ಹೊಗೆ." ಅಲ್ಲಿನ ಸಹೋದ್ಯೋಗಿ ಒಬ್ಬ ಇ-ಸಿಗರೇಟಿಗೆ ಬದಲಾಗಿ ಸಿಗರೇಟು ಪೂರ್ತಿ ಬಿಟ್ಟಿದ್ದಾನೆ. ನಾನೂ ಅದೇ ದಾರಿ ಹಿಡಿಯೋಣ ಅಂತ.

ಆದ್ರೆ ಓದೋಕೆ ಕೂತ್ರೆ ತಲೆ ಗಿರ್ ಅನ್ನುತ್ತೆ. ಪಾಡ್ ಅಂತಾರೆ, ಸಬ್‌ಓಮ್ ಟ್ಯಾಂಕ್ ಅಂತಾರೆ, ಆರ್‌ಟಿಎ, ಆರ್‌ಡಿಎ, ಮೆಶ್ ಕಾಯಿಲು, 0.2 ಓಮ್, 1.2 ಓಮ್. ನನಗೆ ಬೇಕಾಗಿರೋದು ಇಷ್ಟು: ಸಿಗರೇಟು ಎಳೆದ ಹಾಗೇ ಇರಬೇಕು, ಜೇಬಲ್ಲಿ ಸೋರಬಾರದು, ಕೋಣೆ ತುಂಬ ಮೋಡ ಬೇಡ (ಬಾಡಿಗೆ ಮನೆ, ಸ್ಮೋಕ್ ಅಲಾರಂ ಇದೆ). ಬಳಸಿ ಗೊತ್ತಿರೋರು ಹೇಳಿ.

ಡೊಂಬಿವಲಿ_ಲೋಕಲ್ (ಮುಂಬೈ)
ಬಿಡೋದಾದ್ರೆ ಬಿಡಪ್ಪಾ. ಅದಕ್ಕೊಂದು ಟ್ಯಾಂಕ್ ಯಾಕೆ, ಯುದ್ಧಕ್ಕೆ ಹೊರಟಿದ್ದೀಯಾ?

ಮಾಟುಂಗಾ_ಮಾಣಿ (ಮುಂಬೈ)
ಮಾರಾಯ, ಮೊದಲು ಒಂದು ವಿಷಯ ತಲೆಗೆ ಹಾಕಿಕೊ. ಇಲ್ಲಿ ಒಂದನ್ನು ತಗೊಂಡು "ಪ್ರಾಕ್ಟೀಸ್ ಮಾಡಿ ಹೋಗ್ತೇನೆ" ಅಂತ ಹೊರಡಬೇಡ. ಇಲ್ಲಿ ಅದು ನಿಷೇಧ. ನಮ್ಮ ಹೋಟೆಲಿನ ಕ್ಯಾಶ್ ಕೌಂಟರಿನ ಹುಡುಗ ಒಬ್ಬ ಎಲ್ಲಿಂದಲೋ ತಂದು, ಒಂದು ವಾರ ಎಳೆದು, ಅದು ಕೆಟ್ಟ ಮೇಲೆ ಮತ್ತೆ ಸಿಗರೇಟಿಗೇ ಬಂದ. ದುಡ್ಡೂ ಹೋಯ್ತು, ಚಟವೂ ಉಳೀತು.

ವಾಕಡ್_ವಾಸಿ (ಪುಣೆ)
@ಮಾಟುಂಗಾ_ಮಾಣಿ ಇಲ್ಲ ಇಲ್ಲ, ಅಲ್ಲಿಗೆ ಹೋದ ಮೇಲೇ ತಗೊಳ್ಳೋದು. ಈಗ ಬರೀ ಓದಿ ತಿಳ್ಕೊಳ್ತಿದ್ದೀನಿ.

ಓಮ್_ನಿಯಮ (ಭೋಸರಿ, ಪುಣೆ)
ಎಲ್ರೂ ಟ್ಯಾಂಕಿಂದ ಶುರು ಮಾಡ್ತಾರೆ, ಅದಕ್ಕೇ ಗೊಂದಲ. ಶುರು ಮಾಡಬೇಕಾದ್ದು ನಿಮ್ಮ ಉಸಿರಿಂದ. ಹೆಸರುಗಳು ಇಷ್ಟೇ: ಕಾಯಿಲ್ ಅಂದ್ರೆ ಹತ್ತಿಯಲ್ಲಿ ನೆನೆದ ದ್ರವವನ್ನ ಕಾಯಿಸಿ ಆವಿ ಮಾಡೋ ತಂತಿ, ಅದು ಕರೆಂಟನ್ನ ಎಷ್ಟು ತಡೆಯುತ್ತೆ ಅನ್ನೋ ಲೆಕ್ಕ ಓಮ್. ಟ್ಯಾಂಕ್ ಅಂದ್ರೆ ದ್ರವ ತುಂಬೋ ಡಬ್ಬಿ, ಪಾಡ್ ಅಂದ್ರೆ ಜೇಬಿಗೆ ಹಿಡಿಯೋ ಸಣ್ಣ ಸಾಧನಕ್ಕೆ ಸಿಕ್ಕಿಸೋ ಪುಟ್ಟ ಡಬ್ಬಿ.

ಸಿಗರೇಟು ಸೇದೋವಾಗ ಮೊದಲು ಬಾಯಿ ತುಂಬ ಎಳೆದು, ಆಮೇಲೆ ಶ್ವಾಸಕೋಶಕ್ಕೆ ಇಳಿಸ್ತೀರಿ. ಇದಕ್ಕೆ ಎಂಟಿಎಲ್ ಅಂತಾರೆ, ಅಂದ್ರೆ ಬಾಯಿಂದ ಎದೆಗೆ. ಹುಕ್ಕಾ ಎಳೆಯೋರು ನೇರ ಎದೆಗೇ ಎಳೀತಾರೆ, ಅದು ಡಿಟಿಎಲ್. ನಿಮಗೆ ಮೊದಲನೇದು ಬೇಕು. ಅಷ್ಟು ತೀರ್ಮಾನ ಆದ್ರೆ ಮಿಕ್ಕಿದ್ದು ತಾನಾಗೇ ಕೂತ್ಕೊಳ್ಳುತ್ತೆ:

ಎಂಟಿಎಲ್‌ಗೆ ಗಾಳಿ ರಂಧ್ರ ಸಣ್ಣದು, ಕಾಯಿಲ್ ಸುಮಾರು 0.8ರಿಂದ 1.8 ಓಮ್, ಪವರ್ 8ರಿಂದ 18 ವಾಟ್ ಒಳಗೆ. ದ್ರವ ತೆಳ್ಳಗಿರಬೇಕು, ಪಿಜಿ (ಪ್ರೊಪಿಲೀನ್ ಗ್ಲೈಕಾಲ್), ವಿಜಿ (ಗ್ಲಿಸರಿನ್) ಅರ್ಧ ಅರ್ಧ. ನಿಕೋಟಿನ್ ಪ್ರಮಾಣ ಜಾಸ್ತಿ.

ಡಿಟಿಎಲ್‌ಗೆ ಗಾಳಿ ಧಾರಾಳ (ಸಬ್‌ಓಮ್ ಟ್ಯಾಂಕ್ ಅನ್ನೋದು ಇದಕ್ಕೇ), ಕಾಯಿಲ್ 0.15ರಿಂದ 0.5 ಓಮ್, ಪವರ್ 30ರಿಂದ 80 ವಾಟ್. ದ್ರವ ದಪ್ಪ, 70 ಭಾಗ ವಿಜಿ. ನಿಕೋಟಿನ್ ಮಿಲಿಗೆ 3 ಮಿಗ್ರಾಂ, ಹೆಚ್ಚಂದ್ರೆ 6.

ಮೋಡ ಬೇಡ ಅಂದ್ರಲ್ಲ, ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮೋಡ ಕಟ್ಟೋದು ವಿಜಿ. ಗಂಟಲಲ್ಲಿ ಸಿಗರೇಟಿನ ಚುರುಕು ಕೊಡೋದು ಪಿಜಿ ಮತ್ತೆ ನಿಕೋಟಿನ್.

ಮೋಡ_ಮುಸುಕು (ಬಾಣೇರ್, ಪುಣೆ)
ನಾಲ್ಕು ವರ್ಷ ಮ್ಯಾಂಚೆಸ್ಟರಲ್ಲಿ ಇದ್ದವನು ಹೇಳ್ತೀನಿ ಕೇಳಿ: ಪಾಡ್ ಅನ್ನೋದು ಶುದ್ಧ ಬೋರು. ರುಚಿ ಬೇಕಂದ್ರೆ ಸಬ್‌ಓಮ್ ಟ್ಯಾಂಕು, ಮೆಶ್ ಕಾಯಿಲು, 60 ವಾಟು. ಮೆಶ್ ಅಂದ್ರೆ ಸುರುಳಿ ತಂತಿ ಬದಲು ತೂತು ತೂತಿನ ತೆಳು ತಗಡು. ಹತ್ತಿಗೆ ತಾಗೋ ಜಾಗ ಜಾಸ್ತಿ, ಸಮನಾಗಿ ಕಾಯುತ್ತೆ, ಬೇಗ ಕಾಯುತ್ತೆ. ಒಂದು ಸಲ ಎಳೆದ್ರೆ ಸಿಗರೇಟು ಮುಟ್ಟೋದೇ ಇಲ್ಲ. ನಾನು ಬಿಟ್ಟಿದ್ದೇ ಹಂಗೆ.

ಓಮ್_ನಿಯಮ (ಭೋಸರಿ, ಪುಣೆ)
@ಮೋಡ_ಮುಸುಕು ಮೆಶ್ ಒಳ್ಳೇದು, ಒಪ್ಪಿದೆ. ಆದ್ರೆ ಮೆಶ್ ಈಗ ಪಾಡ್‌ನಲ್ಲೂ ಬಂದಿದೆ, 0.8, 1.0 ಓಮ್‌ನಲ್ಲೂ ಇದೆ. ಅದಕ್ಕೆ 60 ವಾಟ್ ಬೇಕಿಲ್ಲ. ನೀವು ಹೇಳೋ ಟ್ಯಾಂಕು ದಿನಕ್ಕೆ ಎಷ್ಟು ದ್ರವ ಕುಡಿಯುತ್ತೆ ಅದನ್ನೂ ಹೇಳಿಬಿಡಿ.

ಮೋಡ_ಮುಸುಕು (ಬಾಣೇರ್, ಪುಣೆ)
ಕುಡಿಯುತ್ತೆ ಗುರು, ಸುಳ್ಳು ಹೇಳಲ್ಲ. ಅಲ್ಲಿ ಕಾನೂನು ಪ್ರಕಾರ ಟ್ಯಾಂಕು 2 ಮಿಲಿ ಮೀರಬಾರದು. ಹೊರಗೆ ಹೋದ್ರೆ ಬಾಟ್ಲಿ ಜೇಬಲ್ಲೇ ಇರಬೇಕು, ತುಂಬ್ತಾನೇ ಇರಬೇಕು. ಆದ್ರೂ ರುಚಿ!

ಡೊಂಬಿವಲಿ_ಲೋಕಲ್ (ಮುಂಬೈ)
2 ಮಿಲಿ? ನಮ್ಮಜ್ಜಿ ಕಣ್ಣಿಗೆ ಬಿಡೋ ಡ್ರಾಪ್ಸ್ ಬಾಟ್ಲಿನೇ ಅದಕ್ಕಿಂತ ದೊಡ್ಡದು.

ಓಮ್_ನಿಯಮ (ಭೋಸರಿ, ಪುಣೆ)
ಬ್ರಿಟನ್ನಿನ 2016ರ ನಿಯಮ ಅದು. ಟ್ಯಾಂಕ್ 2 ಮಿಲಿ, ನಿಕೋಟಿನ್ ಇರೋ ಬಾಟ್ಲಿ 10 ಮಿಲಿ, ನಿಕೋಟಿನ್ ಮಿಲಿಗೆ 20 ಮಿಗ್ರಾಂ ದಾಟಬಾರದು. ದೊಡ್ಡ ಬಾಟ್ಲಿ ಬೇಕಾದೋರು ಏನ್ಮಾಡ್ತಾರೆ ಅಂದ್ರೆ, 60 ಮಿಲಿ ಬಾಟ್ಲಿಯಲ್ಲಿ 50 ಮಿಲಿ ನಿಕೋಟಿನ್ ಇಲ್ಲದ ದ್ರವ ಬರುತ್ತೆ, ಅದಕ್ಕೆ 18 ಮಿಗ್ರಾಂನ 10 ಮಿಲಿ ಬಾಟ್ಲಿ ಒಂದನ್ನ ಸುರೀತಾರೆ. ಲೆಕ್ಕ ಹಾಕಿ, 3 ಮಿಗ್ರಾಂ ಆಗುತ್ತೆ. ಅದು ಸಬ್‌ಓಮ್ ಟ್ಯಾಂಕಿನವರ ದಾರಿ. ವಾಕಡ್‌ನವರಿಗೆ ಬೇಕಾಗಿಲ್ಲ.

ಇನ್ನೊಂದು, 2025ರ ಜೂನ್ 1ರಿಂದ ಅಲ್ಲಿ ಒಂದೇ ಸಲ ಬಳಸಿ ಬಿಸಾಡೋ ಮಾದರಿಗಳ ಮಾರಾಟ ನಿಂತಿದೆ. ಹಾಗಾಗಿ "ಮೊದಲು ಒಂದು ಡಿಸ್ಪೋಸಬಲ್ ಟ್ರೈ ಮಾಡ್ತೀನಿ" ಅನ್ನೋ ಯೋಚನೆ ಇದ್ರೆ ಬಿಟ್ಟುಬಿಡಿ.

ವಾಕಡ್_ವಾಸಿ (ಪುಣೆ)
ಇಷ್ಟು ಅರ್ಥ ಆಯ್ತು. ದಿನಕ್ಕೆ ಒಂದು ಪ್ಯಾಕ್ ಸೇದೋನಿಗೆ ನಿಕೋಟಿನ್ ಎಷ್ಟು ಹಾಕ್ಕೋಬೇಕು? ನಿಕ್ ಸಾಲ್ಟ್ ಅಂತ ಬೇರೆ ಇದೆಯಲ್ಲ, ಅದು ಉಪ್ಪಾ?

ಗುಳಿಗೆ_ಅಂಗಡಿ (ಠಾಣೆ)
ಉಪ್ಪಲ್ಲ ಸಾರ್. ಬರೀ ನಿಕೋಟಿನ್ ಕ್ಷಾರೀಯ, ಪ್ರಮಾಣ ಜಾಸ್ತಿ ಆದ್ರೆ ಗಂಟಲು ಉರಿಯುತ್ತೆ. ಅದಕ್ಕೆ ಬೆಂಜೋಯಿಕ್ ಆಮ್ಲದಂಥದ್ದು ಸೇರಿಸಿದ್ರೆ ಲವಣ ಆಗುತ್ತೆ, ಉರಿ ಕಡಿಮೆ ಆಗುತ್ತೆ. ಉರಿ ಕಡಿಮೆ ಅಂದ ತಕ್ಷಣ ನಿಕೋಟಿನ್ ಕಡಿಮೆ ಅಂತ ಅಲ್ಲ, ಗೊತ್ತಾಗದ ಹಾಗೆ ಜಾಸ್ತಿ ಒಳಗೆ ಹೋಗುತ್ತೆ. ಹುಡುಗರು ಸಿಕ್ಕಿಬೀಳೋದು ಇಲ್ಲೇ.

ಪ್ಯಾಕ್ ಸೇದೋರು ಅಲ್ಲಿ ಸಾಮಾನ್ಯವಾಗಿ 20 ಮಿಗ್ರಾಂ ಸಾಲ್ಟಿಂದ ಶುರು ಮಾಡಿ ಕೆಳಗೆ ಇಳೀತಾರೆ. ಆದ್ರೆ ಆ 20 ಮಿಗ್ರಾಂ ಬಾಟ್ಲಿಯನ್ನ ಸಬ್‌ಓಮ್ ಟ್ಯಾಂಕಿಗೆ ಹಾಕಿದ್ರೆ ಕತೆ ಮುಗೀತು: ತಲೆ ಸುತ್ತು, ವಾಕರಿಕೆ, ಎದೆ ಡವಡವ. ಬಾಟ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಗು ಕುಡಿದುಬಿಟ್ರೆ ಪ್ರಾಣಕ್ಕೇ ಅಪಾಯ.

ನನ್ನ ಸ್ವಂತ ಸಲಹೆ ಬೇರೆ ಇದೆ, ಆಮೇಲೆ ಬರೀತೀನಿ. ಅಂಗಡಿಯಲ್ಲಿ ಜನ ಇದ್ದಾರೆ.

ವಾಸ್ಕೋ_ಪ್ಯಾಸೆಂಜರ್ (ಗೋವಾ)
ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಂವ, ವಾಸ್ಕೋದಾಗ ಇರೋದು. ಇಲ್ಲೆ ಬೀಚ್ ಕಡೆ ಸಣ್ಣ ಸಣ್ಣ ಹುಡುಗೂರು ಬಣ್ಣಬಣ್ಣದ ಪೆನ್ನಿನಂಥಾವ ಹಿಡ್ಕೊಂಡು ತಿರಗ್ತಾರ. ಮಾರಾವ್ರು ಕದ್ದು ಮಾರ್ತಾರ. ಡಬ್ಬಿ ಮ್ಯಾಲ ಏನು ಬರದಾರ, ಒಳಗ ಏನೈತಿ ಯಾರಿಗೂ ಗೊತ್ತಿಲ್ಲ. ನಮ್ಮ ಆಫೀಸಿನ ಒಬ್ಬಾಂವಗ ಒಂದ ತಿಂಗಳ ಕೆಮ್ಮು ಬಿಟ್ಟಿರಲಿಲ್ಲ. ಅಂಥಾದ್ರಾಗ ಓಮ್ ಎಷ್ಟು, ವಾಟ್ ಎಷ್ಟು ಅಂತ ಕೇಳೂದು ಎಲ್ಲಿಂದ ಬಂತ್ರಿ?

ಕೋಥ್ರುಡ್_ತಾಯಿ (ಪುಣೆ)
ನನ್ನ ಮಗನ ಕಾಲೇಜ್ ಬ್ಯಾಗಲ್ಲಿ ಹೈಲೈಟರ್ ಅಂದ್ಕೊಂಡು ತೆಗೆದು ನೋಡಿದ್ರೆ ಅದೇ ಇತ್ತು. ಮಾವಿನ ಹಣ್ಣಿನ ವಾಸನೆ. ನೀವೆಲ್ಲ ಇಲ್ಲಿ ರುಚಿ ರುಚಿ ಅಂತ ಬರೀತಿದ್ದೀರಲ್ಲ, ಅದನ್ನ ಓದೋ ಹುಡುಗರೂ ಇರ್ತಾರೆ ಅನ್ನೋದು ನೆನಪಿರಲಿ.

ಮೋಡ_ಮುಸುಕು (ಬಾಣೇರ್, ಪುಣೆ)
ಅಕ್ಕಾ, ಕೇಳಿದವರು ಪ್ಯಾಕ್ ಸೇದೋ ದೊಡ್ಡೋರು. ಸಿಗರೇಟು ಮುಟ್ಟದವರು ಇದನ್ನ ಮುಟ್ಟಲೇಬಾರದು, ಅದರಲ್ಲಿ ಎರಡು ಮಾತಿಲ್ಲ.

ಕೋಥ್ರುಡ್_ತಾಯಿ (ಪುಣೆ)
ಆ ವಾಕ್ಯ ಮೊದಲನೇ ಪೋಸ್ಟಲ್ಲೇ ಬರಬೇಕಿತ್ತು.

ಕರಿಕೋಟು (ಫೋರ್ಟ್, ಮುಂಬೈ)
ಕಾನೂನಿನ ಮಾತು ಬಂದಿದ್ದರಿಂದ ಒಂದಿಷ್ಟು ಸ್ಪಷ್ಟ ಮಾಡುತ್ತೇನೆ. 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಬಂತು, ಅದೇ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಸಲ ಸಿಕ್ಕಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನಿಗೆ ಆರು ತಿಂಗಳು ಅಥವಾ 50,000. ಹೀಟ್ ನಾಟ್ ಬರ್ನ್ (ತಂಬಾಕನ್ನು ಸುಡದೆ ಬಿಸಿ ಮಾತ್ರ ಮಾಡುವ) ಮಾದರಿಗಳು, ಇ-ಹುಕ್ಕಾ ಕೂಡ ಇದರೊಳಗೇ ಬರುತ್ತವೆ. ನಮ್ಮ ಕರ್ನಾಟಕ ಇದಕ್ಕೂ ಮೊದಲೇ, 2016ರಲ್ಲೇ ನಿಷೇಧಿಸಿತ್ತು.

ಎರಡು ವರ್ಷದ ನಂತರ ವಾಪಸು ಬರುವಾಗ "ನನ್ನ ಸ್ವಂತ ಬಳಕೆಗೆ" ಎಂದು ಸೂಟ್‌ಕೇಸಿನಲ್ಲಿ ಟ್ಯಾಂಕು, ಕಾಯಿಲು ತುಂಬಿಕೊಂಡು ಇಳಿದರೆ ಅದು ಆಮದು. ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರ ಜೊತೆ ವಾದ ಮಾಡುವ ಉಮೇದು ಬೇಡ. ಅಲ್ಲೇ ಬಿಟ್ಟು ಬನ್ನಿ.

ಮಾಟುಂಗಾ_ಮಾಣಿ (ಮುಂಬೈ)
ವಕೀಲ್ರೇ, ಒಂದು ಅನುಮಾನ. ಸಿಗರೇಟು ಮೂಲೆ ಮೂಲೆಯ ಪಾನ್ ಡಬ್ಬಿಯಲ್ಲಿ ಸಿಗ್ತದೆ, ಇದು ಮಾತ್ರ ನಿಷೇಧ. ಇದೆಂತ ನ್ಯಾಯ?

ಕರಿಕೋಟು (ಫೋರ್ಟ್, ಮುಂಬೈ)
ಅದು ಸಂಸತ್ತಿಗೆ ಕೇಳಬೇಕಾದ ಪ್ರಶ್ನೆ, ನನಗಲ್ಲ. ಸರ್ಕಾರ ಕೊಟ್ಟ ಕಾರಣ ಎಳೆಯರು ಹೊಸದಾಗಿ ಚಟಕ್ಕೆ ಬೀಳುತ್ತಾರೆ ಎಂಬುದು. ಇದೇ ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಲ್ಲೇ ನಿಷೇಧ ಆಯಿತು, ಎಷ್ಟರ ಮಟ್ಟಿಗೆ ನಿಂತಿದೆ ಎಂದು ಯಾವುದಾದರೂ ಲೋಕಲ್ ಸ್ಟೇಷನ್ನಿನ ಮೆಟ್ಟಿಲು ನೋಡಿ ಹೇಳಿ. 2017ರ ಡಿಸೆಂಬರಿನ ಮುಂಬೈಯ ಕಮಲಾ ಮಿಲ್ಸ್ ಬೆಂಕಿ ದುರಂತದ ನಂತರ, 2018ರಲ್ಲಿ ಹುಕ್ಕಾ ಪಾರ್ಲರ್‌ಗಳೂ ಹೋದವು.

ವಾಸ್ಕೋ_ಪ್ಯಾಸೆಂಜರ್ (ಗೋವಾ)
ನಮ್ಮ ಮಾವನ ಮನಿ ನಿಪ್ಪಾಣಿ. ಬೀಡಿ ತಂಬಾಕಿನ ಊರು. 1981ರಾಗ ಶರದ್ ಜೋಶಿ ಮುಂದ ನಿಂತು ರೈತರು ಹೆದ್ದಾರಿ ಹಿಡದಿದ್ದು ಅವರು ಇನ್ನೂ ಹೇಳ್ತಾರ. ಇ-ಸಿಗರೇಟ್ ನಿಷೇಧ ಆದಾಗ ಅವರಂದ್ರು, "ಹೊಗಿನ ಇಲ್ಲದ ಬೀಡಿ ಬಂದ್ರ ನಾವು ಏನ ಬೆಳೀಬೇಕು? ಚಲೋ ಆತು ಬಿಡು." ಯಾರ ಲಾಭ ಎಲ್ಲೆ ಐತಿ ನೋಡ್ರಿ.

ಡೊಂಬಿವಲಿ_ಲೋಕಲ್ (ಮುಂಬೈ)
ಕಾಯಿಲ್ ಕೇಳೋಕೆ ಬಂದೋರಿಗೆ ನಿಪ್ಪಾಣಿ ತೋರಿಸ್ತಿದ್ದೀವಿ. ಮುಂದೆ ಪಿರಿಯಾಪಟ್ಟಣ, ಹುಣಸೂರು ಬರುತ್ತೆ, ತಡೀರಿ.

ನಿರ್ವಾಹಕ
ಇಲ್ಲಿ ಯಾರೂ ಎಲ್ಲಿ ಸಿಗುತ್ತೆ, ಯಾರು ತರಿಸಿಕೊಡ್ತಾರೆ ಅಂತ ಬರೀಬೇಡಿ. ಅಂಥ ಎರಡು ಕಾಮೆಂಟ್ ಅಳಿಸಿದ್ದೀನಿ. ಚರ್ಚೆ ಮುಂದುವರೀಲಿ.

ಮೋಡ_ಮುಸುಕು (ಬಾಣೇರ್, ಪುಣೆ)
ಸರಿ, ವಿಷಯಕ್ಕೆ ಬರೋಣ. ಎಂಟಿಎಲ್ ಬೇಕೇ ಬೇಕು ಅಂದ್ರೂ ಪಾಡ್ ಒಂದೇ ದಾರಿ ಅಲ್ಲ. ಆಸ್ಪೈರ್ ನಾಟಿಲಸ್, ಇನೋಕಿನ್ ಜೆನಿತ್ ಥರದ ಟ್ಯಾಂಕುಗಳು ಇದಕ್ಕೇ ಹುಟ್ಟಿದ್ದು. ಜೆನಿತ್‌ಗೆ 1.6 ಓಮ್, 0.8 ಓಮ್ ಎರಡೂ ಕಾಯಿಲ್ ಬರುತ್ತೆ. ಗಾಜಿನ ಟ್ಯಾಂಕು, ಮೇಲಿಂದ ತುಂಬೋದು, ಗಾಳಿ ಉಂಗುರ ತಿರುಗಿಸಿ ಎಷ್ಟು ಬಿಗಿ ಬೇಕೋ ಅಷ್ಟು ಮಾಡ್ಕೋಬಹುದು. ಪಾಡ್‌ನಲ್ಲಿ ಕಾಯಿಲ್ ಸುಟ್ಟರೆ ಎಷ್ಟೋ ಸಲ ಇಡೀ ಪಾಡನ್ನೇ ಬಿಸಾಡಬೇಕು. ಟ್ಯಾಂಕಲ್ಲಿ ಕಾಯಿಲ್ ಮಾತ್ರ ಬದಲಾಯಿಸಿದ್ರೆ ಆಯ್ತು.

ಓಮ್_ನಿಯಮ (ಭೋಸರಿ, ಪುಣೆ)
ಇದು ನ್ಯಾಯವಾದ ಮಾತು. ಆದ್ರೆ ಟ್ಯಾಂಕಿಗೆ ಪ್ರತ್ಯೇಕ ಬ್ಯಾಟರಿ ಡಬ್ಬಿ ಬೇಕು, ಎರಡೂ ಸೇರಿ ಜೇಬಲ್ಲಿ ಕೂರಲ್ಲ. ಹೊಸಬರಿಗೆ ತುಂಬೋ ಪಾಡೇ ಸಲೀಸು: ಬಟನ್ ಇಲ್ಲ, ಎಳೆದ್ರೆ ಹತ್ತುತ್ತೆ.

ವಾಕಡ್_ವಾಸಿ (ಪುಣೆ)
ಆರ್‌ಟಿಎ (ಕಾಯಿಲನ್ನ ನಾವೇ ಸುತ್ತಿ ಕೂರಿಸೋ ಟ್ಯಾಂಕು) ಬಗ್ಗೆ ಯಾರೂ ಹೇಳಲಿಲ್ಲ. ಸ್ವಂತ ಕಾಯಿಲ್ ಸುತ್ತಿದ್ರೆ ಚಿಲ್ಲರೆ ದುಡ್ಡಲ್ಲಿ ಆಗುತ್ತೆ ಅಂತ ಓದಿದೆ.

ಓಮ್_ನಿಯಮ (ಭೋಸರಿ, ಪುಣೆ)
ದುಡ್ಡು ಉಳಿಯುತ್ತೆ, ನಿಜ. ತಂತಿ, ಹತ್ತಿ ಬಿಟ್ಟು ಬೇರೇನೂ ಖರ್ಚಿಲ್ಲ. ಆದ್ರೆ ಅದು ಹವ್ಯಾಸ, ಚಟ ಬಿಡೋ ದಾರಿ ಅಲ್ಲ.

ತಂತಿಗಳಲ್ಲೇ ಜಾತಿ ಇದೆ. ಕಾಂಥಾಲ್ ಅಂದ್ರೆ ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಮಿಶ್ರಣ, ಗಟ್ಟಿಮುಟ್ಟು, ವಾಟ್ ಮೋಡ್‌ನಲ್ಲಿ ಮಾತ್ರ (ಅಂದ್ರೆ ಪವರ್ ಇಷ್ಟು ಅಂತ ನಾವೇ ಇಡೋ ಕ್ರಮ). ನೈಕ್ರೋಮ್ 80ರಲ್ಲಿ ನೂರಕ್ಕೆ 80 ನಿಕಲ್, ಬೇಗ ಕಾಯುತ್ತೆ, ಆದ್ರೆ ನಿಕಲ್ ಅಲರ್ಜಿ ಇರೋರಿಗೆ ಬೇಡ. ಎಸ್‌ಎಸ್ 316ಎಲ್ (ಸ್ಟೇನ್‌ಲೆಸ್ ಸ್ಟೀಲ್) ವಾಟ್ ಮೋಡ್‌ಗೂ ಟೆಂಪರೇಚರ್ ಕಂಟ್ರೋಲಿಗೂ ಆಗುತ್ತೆ, ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ ಏರೋದನ್ನ ಚಿಪ್ ಅಳೆದು ಪವರ್ ಇಳಿಸುತ್ತೆ. ಶುದ್ಧ ನಿಕಲ್, ಟೈಟಾನಿಯಂ ತಂತಿಗಳನ್ನ ವಾಟ್ ಮೋಡ್‌ನಲ್ಲಿ ಕೆಂಪಗೆ ಕಾಯಿಸಲೇಬಾರದು.

ಮತ್ತೆ ಚಿಪ್ಪೇ ಇಲ್ಲದ ಬ್ಯಾಟರಿ ಡಬ್ಬಿ, ಮೆಕ್ಯಾನಿಕಲ್ ಮಾಡ್ ಅಂತ ಒಂದಿದೆ. ಬ್ಯಾಟರಿ, ತಂತಿ, ಮಧ್ಯ ಒಂದು ಸ್ವಿಚ್, ಅಷ್ಟೇ. ಪೂರ್ತಿ ಚಾರ್ಜ್ ಆದ 18650 ಲಿಥಿಯಂ ಸೆಲ್ 4.2 ವೋಲ್ಟ್ ಕೊಡುತ್ತೆ. ಅದಕ್ಕೆ 0.2 ಓಮ್ ಕಾಯಿಲ್ ಕಟ್ಟಿದ್ರೆ 21 ಆಂಪಿಯರ್, 88 ವಾಟ್. ಎಷ್ಟೋ ಸೆಲ್‌ಗಳು ಅಷ್ಟು ಕರೆಂಟ್ ತಾಳೋಕೆ ಮಾಡಿದ್ದೇ ಅಲ್ಲ. ಸ್ವಿಚ್ ಅಂಟಿಕೊಂಡ್ರೆ ನಿಲ್ಲಿಸೋರು ಯಾರೂ ಇಲ್ಲ. ಮೆಕ್ಯಾನಿಕಲ್ ಕಡೆ ತಿರುಗಿಯೂ ನೋಡಬೇಡಿ.

ಮಾಟುಂಗಾ_ಮಾಣಿ (ಮುಂಬೈ)
21 ಆಂಪಿಯರ್! ನಮ್ಮ ಹೋಟೆಲಿನ ಗ್ರೈಂಡರ್ ಅಷ್ಟು ಎಳೆಯುದಿಲ್ಲ ಮಾರ್ರೆ.

ಓಮ್_ನಿಯಮ (ಭೋಸರಿ, ಪುಣೆ)
ಗ್ರೈಂಡರ್ 230 ವೋಲ್ಟಿನದು ಸ್ವಾಮಿ, ಲೆಕ್ಕ ಬೇರೆ. ಆದ್ರೆ ಭಯ ಬಿದ್ರಲ್ಲ, ಅದು ಸರಿ. ಬಿಡಿ ಸೆಲ್ ಯಾವತ್ತೂ ಕೀಲಿಕೈ, ಚಿಲ್ಲರೆ ಕಾಸಿನ ಜೊತೆ ಜೇಬಲ್ಲಿ ಹಾಕಬೇಡಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ರೆ ಆ ಸೆಲ್ ಬಳಸಬೇಡಿ.

ವಾಕಡ್_ವಾಸಿ (ಪುಣೆ)
ಸರಿ, ಆರ್‌ಟಿಎ ಬೇಡ. ಸೋರೋದು, ಸುಟ್ಟ ವಾಸನೆ, ಈ ಎರಡರ ಬಗ್ಗೆ ಹೇಳಿ. ಸಹೋದ್ಯೋಗಿ ಇದೇ ಎರಡಕ್ಕೆ ದಿನಾ ಬೈಕೊಳ್ತಿದ್ದ.

ಮೋಡ_ಮುಸುಕು (ಬಾಣೇರ್, ಪುಣೆ)
ಸುಟ್ಟ ವಾಸನೆಗೆ ನೂರಕ್ಕೆ ತೊಂಬತ್ತು ಸಲ ಅವಸರವೇ ಕಾರಣ. ಹೊಸ ಕಾಯಿಲ್ ಹಾಕಿದ ತಕ್ಷಣ ಎಳೆದ್ರೆ ಎಣ್ಣೆ ಇಲ್ಲದ ಬತ್ತಿಗೆ ದೀಪ ಹಚ್ಚಿದ ಹಾಗೆ, ಹತ್ತಿಯೇ ಕರಕಲು. ಕಾಯಿಲಿನ ಪಕ್ಕದಲ್ಲಿ ಸಣ್ಣ ಕಿಂಡಿಗಳಿರುತ್ತೆ, ಒಳಗೆ ಬಿಳಿ ಹತ್ತಿ ಕಾಣುತ್ತೆ. ಆ ಕಿಂಡಿಗೆ ಒಂದೊಂದು ಹನಿ ದ್ರವ ಬಿಡಿ, ಹತ್ತಿ ಬಿಳಿ ಬಿಟ್ಟು ಅರೆಪಾರದರ್ಶಕ ಆಗೋವರೆಗೆ. ಆಮೇಲೆ ಟ್ಯಾಂಕ್ ತುಂಬಿ ಹತ್ತು ನಿಮಿಷ ಸುಮ್ನೆ ಇಡಿ. ಬಟನ್ ಒತ್ತದೆ ಎರಡು ಮೂರು ಸಲ ಬರೀ ಗಾಳಿ ಎಳೀರಿ, ಒಳಗಿನ ಗುಳ್ಳೆ ಮೇಲೆ ಬರೋದು ಕಾಣ್ಸುತ್ತೆ. ಕಾಯಿಲ್ ಮೇಲೆ ಎಷ್ಟರಿಂದ ಎಷ್ಟು ವಾಟ್ ಅಂತ ಬರೆದಿರುತ್ತೆ, ಕೆಳಗಿನ ಅಂಕಿಯಿಂದ ಶುರು ಮಾಡಿ ಮೆಲ್ಲಗೆ ಏರಿಸಿ.

ಇಷ್ಟೆಲ್ಲ ಮಾಡಿದ್ರೂ ಕಾಯಿಲ್ ಬೇಗ ಸಾಯ್ತಿದ್ರೆ ದ್ರವದಲ್ಲಿ ಸಿಹಿ ಜಾಸ್ತಿ ಅಂತ ಅರ್ಥ. ಸುಕ್ರಲೋಸ್ ಹಾಕಿದ ಡೆಸರ್ಟ್ ಫ್ಲೇವರ್‌ಗಳು ತಂತಿ ಮೇಲೆ ಕಪ್ಪು ಪಾಕ ಕಟ್ಟುತ್ತೆ. ಕಾಯಿಲ್ ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ, ಮಧ್ಯದ ರಂಧ್ರದ ಒಳಗೋಡೆ ಡಾಂಬರು ಬಳಿದ ಬಣ್ಣ.

ಓಮ್_ನಿಯಮ (ಭೋಸರಿ, ಪುಣೆ)
ಸೋರೋದರ ಬಗ್ಗೆ ನಾನು. ದ್ರವ ಟ್ಯಾಂಕಲ್ಲಿ ನಿಂತಿರೋದು ಒಳಗಿನ ನಿರ್ವಾತದಿಂದ. ಎಲ್ಲಾದ್ರೂ ಗಾಳಿ ಒಳಗೆ ಹೊಕ್ಕಿದ್ರೆ ದ್ರವ ಕೆಳಗಿನ ಗಾಳಿ ರಂಧ್ರದಿಂದ ಇಳಿಯುತ್ತೆ. ರಬ್ಬರ್ ಉಂಗುರ ಸವೆದಿದೆಯಾ, ಕಾಯಿಲ್ ಪೂರ್ತಿ ತಿರುಗಿ ಕೂತಿದೆಯಾ, ಗಾಜು ಬಿರುಕು ಬಿಟ್ಟಿದೆಯಾ ನೋಡಿ. ತೆಳು ದ್ರವವನ್ನ ದೊಡ್ಡ ಕಿಂಡಿಯ ಸಬ್‌ಓಮ್ ಕಾಯಿಲಿಗೆ ಹಾಕಿದ್ರೂ ಸೋರುತ್ತೆ, ದಪ್ಪ ದ್ರವವನ್ನ 1.2 ಓಮ್ ಕಾಯಿಲಿಗೆ ಹಾಕಿದ್ರೆ ಹತ್ತಿಗೆ ಏರದೆ ಸುಡುತ್ತೆ. ಅರ್ಧ ದೂರುಗಳು ಇದೊಂದೇ ಹೊಂದಾಣಿಕೆ ತಪ್ಪಿದ್ದು. ಗಾಳಿ ರಂಧ್ರ ಮೇಲಿರೋ ಟ್ಯಾಂಕುಗಳು ಕಡಿಮೆ ಸೋರುತ್ತೆ, ರುಚಿ ಸ್ವಲ್ಪ ಸಪ್ಪೆ ಅಂತ ಕೆಲವರು ಗೊಣಗ್ತಾರೆ.

ವಿಮಾನದಲ್ಲಂತೂ ಕ್ಯಾಬಿನ್ ಒತ್ತಡ ಇಳಿದ ತಕ್ಷಣ ಟ್ಯಾಂಕೊಳಗಿನ ಗಾಳಿ ಹಿಗ್ಗಿ ದ್ರವವನ್ನ ಹೊರಗೆ ತಳ್ಳುತ್ತೆ. ಅಲ್ಲಿಂದ ಯುರೋಪ್ ಕಡೆ ಸುತ್ತಾಡೋಕೆ ಹೋದ್ರೆ ಖಾಲಿ ಮಾಡಿ ಹೊರಡಿ, ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಲಿ. ಸಿಂಗಾಪುರ, ಥಾಯ್ಲೆಂಡ್ ಕಡೆ ಮಾತ್ರ ಒಯ್ಯಲೇಬೇಡಿ, ಅಲ್ಲೂ ಕಾನೂನು ಬಿಗಿ.

ಗುಳಿಗೆ_ಅಂಗಡಿ (ಠಾಣೆ)
ಈಗ ಅಂಗಡಿ ಖಾಲಿ. ನನ್ನ ಮಾತು ಇದು: ಇ-ಸಿಗರೇಟಲ್ಲಿ ಸುಡೋದು ಇಲ್ಲ, ಹಾಗಾಗಿ ಟಾರ್, ಕಾರ್ಬನ್ ಮಾನಾಕ್ಸೈಡ್ ವಿಷಯದಲ್ಲಿ ಸಿಗರೇಟಿಗಿಂತ ತುಂಬಾ ಕಡಿಮೆ. ಬ್ರಿಟನ್ ಸರ್ಕಾರ 2023ರಲ್ಲಿ ಹತ್ತು ಲಕ್ಷ ಸಿಗರೇಟು ಸೇದೋರಿಗೆ ಕಿಟ್ ಕೊಡ್ತೀವಿ ಅಂತ ಘೋಷಿಸಿದ್ದೂ ಇದೇ ಲೆಕ್ಕದಲ್ಲಿ. ಹಾಗಂತ ಅದು ಬರೀ ನೀರಾವಿ ಅಲ್ಲ. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರ ಅಧ್ಯಯನದಲ್ಲಿ ಕಾಯಿಲಿಂದ ಸೀಸ, ಕ್ರೋಮಿಯಂ, ನಿಕಲ್ ಆವಿಗೆ ಸೇರೋದು ಕಂಡುಬಂತು. ಅದಕ್ಕೇ ಸುಟ್ಟ ಕಾಯಿಲ್ ಎಳೆಯೋದು, ವಾಟ್ ಮೀರಿಸೋದು ಎರಡೂ ಬೇಡ ಅನ್ನೋದು. 2019ರಲ್ಲಿ ಅಮೆರಿಕದಲ್ಲಿ ಇ-ಸಿಗರೇಟು ಎಳೆದವರ ಶ್ವಾಸಕೋಶ ಕೆಡೋದು ಶುರುವಾಯ್ತು, 2020ರ ಫೆಬ್ರುವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ರು ಅಥವಾ ಸತ್ತರು, ಅದರಲ್ಲಿ ಸತ್ತವರು 68. ಮುಖ್ಯ ಕಾರಣ ಗಾಂಜಾ ಎಣ್ಣೆಯ ಕಾರ್ಟ್ರಿಜ್‌ಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್. ವಾಸ್ಕೋದವರು ಹೇಳಿದ ಹೆಸರಿಲ್ಲದ ಮಾಲಿನಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ?

ಇನ್ನು ಹೊರಡೋಕೆ ಒಂದು ತಿಂಗಳಿದೆಯಲ್ಲ, ಅಲ್ಲಿವರೆಗೆ ಯಾಕೆ ಕಾಯ್ತೀರಿ? ನಿಕೋಟಿನ್ ಗಮ್ ಇದೆ, 2 ಮಿಗ್ರಾಂ, 4 ಮಿಗ್ರಾಂ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕು ಅನ್ನೋರಿಗೆ 4, ಮಿಕ್ಕವರಿಗೆ 2. ಜನ ಅದನ್ನ ಬಬಲ್‌ಗಮ್ ಥರ ಜಗಿದು "ಹೊಟ್ಟೆ ತೊಳಸಿತು, ಬಿಕ್ಕಳಿಕೆ ಬಂತು" ಅಂತ ವಾಪಸ್ ತರ್ತಾರೆ. ಮೆಲ್ಲಗೆ ನಾಲ್ಕೈದು ಸಲ ಜಗಿಯಿರಿ, ಜುಮ್ ಅಂದ ತಕ್ಷಣ ಕೆನ್ನೆ ಸಂದಿಯಲ್ಲಿ ಇಟ್ಟುಬಿಡಿ. ಜುಮ್ ಹೋದ ಮೇಲೆ ಮತ್ತೆ ಜಗಿಯಿರಿ. ಅರ್ಧ ಗಂಟೆ ಬರುತ್ತೆ. ಕಾಫಿ ಕುಡಿದ ಕೂಡಲೇ ಬೇಡ, ಬಾಯಿ ಹುಳಿ ಇದ್ರೆ ನಿಕೋಟಿನ್ ಹೀರಲ್ಲ.

ಮೋಡ_ಮುಸುಕು (ಬಾಣೇರ್, ಪುಣೆ)
ಗಮ್ ನಾನೂ ಹಾಕಿ ನೋಡಿದ್ದೆ. ಕೈಗೆ ಕೆಲಸ ಇಲ್ಲ, ಬಾಯಿಂದ ಏನೂ ಹೊರಗೆ ಬರಲ್ಲ. ಸಿಗರೇಟು ಬರೀ ನಿಕೋಟಿನ್ ಅಲ್ಲ ಸ್ವಾಮಿ.

ಗುಳಿಗೆ_ಅಂಗಡಿ (ಠಾಣೆ)
ಒಪ್ಪಿದೆ. ಆದ್ರೆ ಈಗ ನೀವು ಎರಡೂ ಬಿಟ್ಟಿದ್ದೀರಾ, ಇಲ್ಲಾ ಇದೇ ಎಳೀತಿದ್ದೀರಾ?

ಮೋಡ_ಮುಸುಕು (ಬಾಣೇರ್, ಪುಣೆ)
ವಾಪಸ್ ಬರೋ ಮುಂಚೆ ನಿಕೋಟಿನ್ 6ರಿಂದ 3, ಸೊನ್ನೆ ಅಂತ ಇಳಿಸಿ ಬಿಟ್ಟೆ. ಟ್ಯಾಂಕೆಲ್ಲ ಅಲ್ಲೇ ರೂಂಮೇಟ್‌ಗೆ ಕೊಟ್ಟು ಬಂದೆ. ಈಗ ಬರೀ ಚಹಾ.

ಕೋಥ್ರುಡ್_ತಾಯಿ (ಪುಣೆ)
ಇಷ್ಟುದ್ದದ ಚರ್ಚೆಯಲ್ಲಿ ನನಗೆ ಕೆಲಸಕ್ಕೆ ಬಂದ ಸಾಲು ಇದೊಂದು. ಮಗನಿಗೂ ತೋರಿಸ್ತೀನಿ. ಅವನಿಗೆ ಯಾರ ಹತ್ರ ಮಾತಾಡಿಸಲಿ? ನನ್ನ ಮಾತು ಕೇಳೋ ವಯಸ್ಸಲ್ಲ.

ಗುಳಿಗೆ_ಅಂಗಡಿ (ಠಾಣೆ)
ಸರ್ಕಾರದ ತಂಬಾಕು ಕ್ವಿಟ್‌ಲೈನ್ ಇದೆ ಅಮ್ಮ, 1800-11-2356, ದುಡ್ಡಿಲ್ಲ. ಸಿಗರೇಟ್ ಪ್ಯಾಕ್ ಮೇಲೂ ಅದೇ ನಂಬರ್ ಇರುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಪರೇಲ್‌ನ ಟಾಟಾ ಮೆಮೋರಿಯಲ್‌ನಲ್ಲಿ ಕೇಂದ್ರಗಳಿವೆ. ಕನ್ನಡದಲ್ಲೇ ಮಾತಾಡಬಹುದು. ಬೈಬೇಡಿ, ಬೈದ್ರೆ ಬಚ್ಚಿಡೋದು ಕಲೀತಾರೆ.

ಮಾಟುಂಗಾ_ಮಾಣಿ (ಮುಂಬೈ)
ಆ ಕ್ಯಾಶ್ ಕೌಂಟರಿನ ಹುಡುಗನಿಗೂ ಈ ನಂಬರ್ ಕಳಿಸಿದೆ. "ಸೇಟ್ ಹೇಳಿದ್ರಾ?" ಅಂತ ಕೇಳ್ತಾನೆ. ನಾನೇ ಸೇಟ್ ಅಂದೆ.

ವಾಕಡ್_ವಾಸಿ (ಪುಣೆ)
ಎಲ್ರಿಗೂ ಥ್ಯಾಂಕ್ಸ್. ಸದ್ಯಕ್ಕೆ ತೀರ್ಮಾನ ಇದು: ನಾಳೆಯಿಂದ 4 ಮಿಗ್ರಾಂ ಗಮ್ (ಎದ್ದ ತಕ್ಷಣ ಬೇಕು ಅನ್ನೋ ಜಾತಿ ನಂದು). ಅಲ್ಲಿಗೆ ಹೋದ ಮೇಲೂ ಸಿಗರೇಟು ಎಳೀತಿದ್ರೆ ಮಾತ್ರ ತುಂಬೋ ಪಾಡ್, 0.8 ಇಲ್ಲಾ 1.0 ಓಮ್ ಮೆಶ್, ಅರ್ಧ ಅರ್ಧ ದ್ರವ, 20 ಮಿಗ್ರಾಂ ಸಾಲ್ಟ್. ಟ್ಯಾಂಕು ಆಮೇಲೆ ನೋಡೋಣ.

ಮೋಡ_ಮುಸುಕು (ಬಾಣೇರ್, ಪುಣೆ)
ಬರ್ಕೊಳ್ಳಿ, ಆರು ತಿಂಗಳಲ್ಲಿ ಜೆನಿತ್ ತಗೊಂಡಿರ್ತೀರಿ.

ಓಮ್_ನಿಯಮ (ಭೋಸರಿ, ಪುಣೆ)
ಒಂದು ತಿದ್ದುಪಡಿ: 0.8 ತಗೊಂಡ್ರೆ ಗಾಳಿ ಕಿಂಡಿ ಅರ್ಧ ಮುಚ್ಚಿ ಎಳೀರಿ, ಇಲ್ಲಾಂದ್ರೆ ಸಡಿಲ ಅನ್ಸುತ್ತೆ. ಪ್ಯಾಕ್ ಸೇದೋರಿಗೆ 1.0 ಇನ್ನೂ ಹತ್ತಿರ. ಸ್ಪೇರ್ ಪಾಡ್ ಎರಡು ಜೊತೆಗೇ ತಗೊಳ್ಳಿ. ಭಾನುವಾರ ಸಂಜೆ ಕಾಯಿಲ್ ಸುಟ್ಟು ಅಂಗಡಿ ಮುಚ್ಚಿದ್ರೆ ಸೀದಾ ಸಿಗರೇಟು ಅಂಗಡಿಗೇ ಹೋಗ್ತೀರಿ.

ವಾಸ್ಕೋ_ಪ್ಯಾಸೆಂಜರ್ (ಗೋವಾ)
ಮತ್ತ ಅಲ್ಲೆ ಲೀಡ್ಸ್‌ನ್ಯಾಗ ಜೋಳದ ರೊಟ್ಟಿ ಎಲ್ಲೆ ಸಿಗತೈತಿ ಅಂತ ಗೊತ್ತಾದ್ರ ತಿಳಸ್ರಿ. ನಮ್ಮ ತಂಗಿ ಹೊಂಟಾಳ ಓದಾಕ.

ಮೋಡ_ಮುಸುಕು (ಬಾಣೇರ್, ಪುಣೆ)
ಗುಜರಾತಿ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತೆ ಸಾಹೇಬ್ರೆ, ರೊಟ್ಟಿ ಬಡಿಯೋದು ಅವರೇ ಕಲಿತು ಹೋಗ್ಲಿ.